ಹುಳ ಹಣ್ಣಾಗುವವರೆಗೂ ಬಣ್ಣ ಬೇಡ

ಬಣ್ಣ ಚಿಮ್ಮಿಸುವ ಡಬ್ಬಿಯ ಹೊಟ್ಟೆಯೊಳಗೆ ಒಂದು ಗೋಲಿ ಇರುತ್ತದೆಂಬುದು ನಿಮಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ತಳದಲ್ಲಿ ಗಸಿಯಾಗಿ ಕುಳಿತ ಬಣ್ಣವನ್ನು ಎಬ್ಬಿಸಲಿಕ್ಕೆಂದೇ ಅದನ್ನು ಒಳಗೆ ಹಾಕಿರುತ್ತಾರಂತೆ. ಡಬ್ಬಿಯನ್ನು ಹಿಡಿದು ಅಲ್ಲಾಡಿಸಿದರೆ, ಒಣಗಿದ ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಕುಲುಕಿದ ಹಾಗೆ ಟಕಟಕ ಎಂದು ಸದ್ದಾಗುತ್ತದೆ. ಕೇಳಲು ಖುಷಿಯಾಗುವ ಸದ್ದು. ಕೆಲಸ ಶುರುವಾಗುವ ಮುಂಚೆಯೇ ಅರ್ಧ ಮುಗಿಯಿತೆಂಬ ಸಮಾಧಾನವನ್ನು ಧಾರಾಳವಾಗಿ ಕೊಡುವ ಸದ್ದು. ಆ ಭಾನುವಾರ ಮಧ್ಯಾಹ್ನ ಶಿಡ್ಲಘಟ್ಟದ ಅಂಚಿನಲ್ಲಿರುವ ನಮ್ಮ ಮನೆಯಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ನಾನು ಆ ಡಬ್ಬಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಲ್ಲಾಡಿಸಿದ್ದು ಅದಕ್ಕೇ.

ನನ್ನ ಮುಂದೆ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಮಲಗಿದ್ದದ್ದು ನಮ್ಮ ಕಾರಿನ ಎಡಗಡೆಯ ಮುಂಗಾಲು. ಗಾಲಿ ಎನ್ನಬೇಕಿತ್ತು, ಕಾಲು ಎನ್ನುವ ಅಭ್ಯಾಸ ಹತ್ತಿಸಿದವಳು ಗೌರಿಬಿದನೂರಿನಲ್ಲಿರುವ ನನ್ನ ಅಕ್ಕ. ಯುಗಾದಿಯ ಮರುದಿನ ಅವಳ ಮನೆಯ ಮುಂದೆ ಕಾರು ನಿಲ್ಲಿಸಿ ಇಳಿದರೆ, ಅವಳು ನಮ್ಮ ಮುಖ ನೋಡುವುದನ್ನು ಬಿಟ್ಟು ಗಾಲಿಗಳನ್ನು ನೋಡುತ್ತಾ ನಿಂತಳು. ಅವಳ ಮನೆಯವರು ಆಗಷ್ಟೇ ಕೊಂಡಿದ್ದ ಕಾರು ಪಕ್ಕದಲ್ಲೇ ಇತ್ತು, ಅದರ ಗಾಲಿಗಳಲ್ಲಿ ಹಲ್ಲುಜ್ಜಿಕೊಂಡು ಮುಖ ನೋಡಿಕೊಳ್ಳಬಹುದಿತ್ತು. "ಮೈಗೆಲ್ಲ ಎಣ್ಣೆನೀರು ಹಾಕಿ ಕರ್ಕೊಂಡು ಬಂದಿದೀಯ, ಕಾಲು ತೊಳ್ಸೋದು ಮರ್ತಿದೀಯಲ್ಲೇ," ಎಂದಳು. ಅಕ್ಕಂದಿರ ಮಾತಿಗೆ ಎದುರು ಮಾತು ಆ ಕ್ಷಣಕ್ಕೆ ಎಂದೂ ಹೊಳೆಯುವುದಿಲ್ಲ. ಚಿಕ್ಕಬಳ್ಳಾಪುರ ದಾಟಿ ಮನೆ ಹತ್ತಿರವಾದಾಗ ಹೊಳೆಯುತ್ತದೆ, ಅಷ್ಟರಲ್ಲಿ ಕೇಳುವವರು ಗಂಡ ಒಬ್ಬರೇ ಆಗಿರುತ್ತಾರೆ. ಮುಂದಿನ ಸಲ ಬರುವಾಗ ಬೆಳ್ಳಿ ಕಾಲಿನಲ್ಲಿ ಬರುತ್ತೇನೆಂದು ಫೋನಿನಲ್ಲಿ ಸವಾಲು ಹಾಕಿಯೇಬಿಟ್ಟೆ.

ನಮ್ಮಲ್ಲಿ ಪಾದಕ್ಕಿರುವ ಮರ್ಯಾದೆಯೇ ಒಂದು ವಿಚಿತ್ರ. ಹಿರಿಯರ ಪಾದಕ್ಕೆ ಹಣೆ ಹಚ್ಚುತ್ತೇವೆ, ಅದೇ ಪಾದ ಅಪ್ಪಿತಪ್ಪಿ ಪುಸ್ತಕಕ್ಕೆ ತಗುಲಿದರೆ ಕಣ್ಣಿಗೊತ್ತಿಕೊಂಡು ಕ್ಷಮೆ ಕೇಳುತ್ತೇವೆ. ಮುಖಕ್ಕೆ ಬಗೆಬಗೆಯ ಲೇಪನಗಳನ್ನು ಬಳಿದು, ದಿನವಿಡೀ ಹೊತ್ತು ತಿರುಗಿದ ಹಿಮ್ಮಡಿಯ ಬಿರುಕಿಗೆ ಮಲಗುವ ಮುಂಚೆ ಒಂದು ಹನಿ ಕೊಬ್ಬರಿ ಎಣ್ಣೆ ನೆನಪಾದರೆ ಹೆಚ್ಚು. ಆದರೆ ಹೆಣ್ಣು ನೋಡಲು ಹೋಗುತ್ತಿದ್ದ ನಮ್ಮ ಅಜ್ಜಿಯಂಥವರು ಮುಖವನ್ನು ಗಂಡಿಗೆ ಬಿಟ್ಟು ತಾವು ಹುಡುಗಿಯ ಪಾದವನ್ನು ನೋಡುತ್ತಿದ್ದರು, ಸಂಸಾರ ನಡೆಯುವುದು ಅದರ ಮೇಲೆ ಎಂಬ ನಂಬಿಕೆಯಿಂದ. ಅಕ್ಕ ಆ ಅಜ್ಜಿಯ ಮೊಮ್ಮಗಳು. ಅವಳ ಮೇಲೆ ಕೋಪಿಸಿಕೊಂಡು ಏನು ಪ್ರಯೋಜನ ಹೇಳಿ.

ಬೆಳಗಿನಿಂದ ಉಪ್ಪುಕಾಗದ ಹಿಡಿದು ಗಾಲಿಯ ತುಕ್ಕನ್ನು ಉಜ್ಜಿದ್ದೆ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಫಿ ಲೋಟ ಕೆಳಗಿಡದೆ, ಉಜ್ಜುವುದು ಸುತ್ತಿಗೋ ನೇರಕ್ಕೋ ಎಂಬುದರ ಬಗ್ಗೆ ಸಲಹೆ ಕೊಡುತ್ತಿದ್ದರು. ಒಂದು ಗಾಲಿ ಬಿಚ್ಚಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿ, ಬಣ್ಣ ಒಣಗಿದ ಮೇಲೆ ಮುಂದಿನದು ಎಂಬ ಯೋಜನೆ ಮಾತ್ರ ನನ್ನದು. ಮೊದಲು ಬೂದಿ ಬಣ್ಣದ ಪ್ರೈಮರ್, ಅದರ ಮೇಲೆ ಬೆಳ್ಳಿ. ಗೋಲಿ ಟಕಟಕಿಸಿತು, ಗುಂಡಿ ಒತ್ತಿದೆ, ಮೋಡದಂಥ ಬೂದಿ ಎದ್ದು ಗಾಲಿಯ ಮೇಲೂ ನನ್ನ ಸೀರೆಯ ಮೇಲೂ ಸಮನಾಗಿ ಕುಳಿತು, ಮಿಕ್ಕದ್ದು ಗಾಳಿಯೊಂದಿಗೆ ಗೋಡೆ ಹಾರಿ ಹೋಯಿತು. ಅದು ಎಲ್ಲಿಗೆ ಹೋಯಿತೆಂದು ನಾನು ನೋಡಲಿಲ್ಲ.

ಗೋಡೆಯಾಚೆಗಿರುವುದು ಮುನಿರತ್ನಮ್ಮನ ರೇಷ್ಮೆ ಹುಳುಮನೆ. ನಮ್ಮ ಬಡಾವಣೆ ಬರುವ ಮುಂಚೆ ಈ ಕಡೆಯೆಲ್ಲ ಹಿಪ್ಪುನೇರಳೆ ತೋಟವೇ ಇತ್ತು. ಈಗ ಉಳಿದಿರುವುದು ಅವಳ ತೋಟವೊಂದು, ಅದರ ತಲೆಗೆ ಜಾಲರಿ ಕಿಟಕಿಗಳ ಉದ್ದನೆಯ ಕೋಣೆಯೊಂದು. ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳ ಗಂಡ, ಇನ್ನು ಹುಳ ಸಾಕುವುದು ಸಾಕು, ಕೋಣೆಯನ್ನು ಸಿಮೆಂಟಿನ ಗೋಡೌನಿಗೆ ಬಾಡಿಗೆಗೆ ಕೊಡೋಣ ಎಂದು ಹಟ ಹಿಡಿದಿದ್ದ. ಇವಳು ಇನ್ನೊಂದೇ ಒಂದು ಬೆಳೆ ಎಂದು ಗೋಗರೆದು ಹುಳ ಇಳಿಸಿದ್ದಳು. ಇದು ಚೆನ್ನಾಗಿ ಗೂಡು ಕಟ್ಟಿದರೆ ಹುಳುಮನೆ ಉಳಿಯಿತು, ಕೆಟ್ಟರೆ ಸಿಮೆಂಟು ಎಂದು ಅವರಿಬ್ಬರ ನಡುವೆ ಒಪ್ಪಂದವಾಗಿತ್ತು. ಇದೆಲ್ಲವೂ ನನಗೆ ಗೊತ್ತಿತ್ತು, ಗೋಡೆಯ ಮೇಲೆ ಮೊಣಕೈ ಊರಿ ಅವಳೇ ಹೇಳಿದ್ದಳು.

ಹಾಗೆ ಹೇಳಿದ ಗೋಡೆಯ ಮೇಲೆಯೇ ಈಗ ಅವಳ ತಲೆ ಕಾಣಿಸಿತು. "ನಿಲ್ಸು ಟೀಚರಮ್ಮ, ನಿಲ್ಸು. ದೇವುಡಾ, ಕಿಟಕಿ ಪಕ್ಕದ ಹುಳ ಎಲ್ಲ ಮೇವು ಬಿಟ್ಟು ತಲೆ ಎತ್ಕೊಂಡು ನಿಂತವೆ."

ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಹಗಲು ರಾತ್ರಿ ಎನ್ನದೆ ಸೊಪ್ಪು ಮೇಯ್ದು, ಮೈ ಹೊಳಪೇರಿ ಹಣ್ಣಾಗಿ, ಆಮೇಲೆ ಗೂಡು ಕಟ್ಟುತ್ತದೆ. ಮುನಿರತ್ನಮ್ಮನ ಹುಳ ನಾಲ್ಕನೆಯ ಜ್ವರ ಎದ್ದು ಮೇಯುತ್ತಿದ್ದ ಸಮಯ ಅದು. ಆ ಸಮಯದಲ್ಲಿ ಹುಳುಮನೆಯ ಹತ್ತಿರ ಬೀಡಿ ಸೇದಬಾರದು, ಊದುಬತ್ತಿ ಹಚ್ಚಬಾರದು, ಮೈಗೆ ಸೆಂಟು ಪೂಸಿಕೊಂಡು ಸುಳಿಯಬಾರದು ಎಂಬುದು ಈ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸೆಂಟು ಹಾಕಿಕೊಂಡು ಬಂದ ನೆಂಟರನ್ನು ನಾನೇ ಹಿತ್ತಲಿಗೆ ಬಿಡದೆ ಗದರಿದ್ದೇನೆ. ಆದರೆ ನನ್ನ ತಲೆಯಲ್ಲಿ ಬಣ್ಣ ಕಾರಿನ ಖಾತೆಗೆ ಸೇರಿತ್ತು, ಕಾರು ರಸ್ತೆಯ ಖಾತೆಗೆ, ಹುಳ ತೋಟದ ಖಾತೆಗೆ. ಗಾಳಿಗೆ ಈ ವಿಂಗಡಣೆ ಗೊತ್ತಿಲ್ಲವೆಂಬುದು ಹೊಳೆಯಲೇ ಇಲ್ಲ. ಡಬ್ಬಿ ಕೆಳಗಿಟ್ಟು ಗೋಡೆಯ ಹತ್ತಿರ ಓಡಿದೆ.

ಬಯ್ದಿದ್ದರೆ ಚೆನ್ನಾಗಿತ್ತು, ಅವಳು ಬಯ್ಯಲಿಲ್ಲ. "ಆಗಿದ್ದಾಯ್ತು. ಕೈ ತೊಳ್ಕೊಂಡು ಬಾ. ಕಿಟಕಿ ಪಕ್ಕದ ತಟ್ಟೆಗಳನ್ನ ಒಳಗಡೆಗೆ ಎತ್ತಿಡ್ಬೇಕು, ನನ್ನ ಕೈಲಿ ಬಗ್ಗಕ್ಕಾಗಲ್ಲ," ಎಂದಳು. ನಾನು ಸೋಪು ಹಾಕಿ ತೊಳೆದು ಹೋದೆ. ಬಾಗಿಲಲ್ಲೇ ನನ್ನ ಅಂಗೈ ಮೂಸಿ ವಾಪಸು ಕಳಿಸಿದಳು. ಸೀಗೆಪುಡಿ ಹಾಕಿ ತಿಕ್ಕಿ ಹೋದೆ, ಮತ್ತೆ ಮೂಸಿದಳು, ಮತ್ತೆ ವಾಪಸು. ಕೊನೆಗೆ ಅವಳ ಕಣ್ಣು ಕುರ್ಚಿಯಲ್ಲಿ ಕುಳಿತಿದ್ದ ನಮ್ಮ ಮನೆಯವರ ಮೇಲೆ ಬಿತ್ತು. "ಸಾರು ಬರ್ಲಿ. ಅವ್ರು ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ," ಎಂದಳು. ಸೋಮಾರಿತನಕ್ಕೆ ಇಂಥದ್ದೊಂದು ಮಡಿ ಇರಬಹುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವರು ಪಂಚೆ ಎತ್ತಿ ಕಟ್ಟಿ, ಯುದ್ಧಕ್ಕೆ ಹೊರಟವರಂತೆ ಒಳಗೆ ಹೋದರು. ನಾನು ಹೊರಗೆ ನಿಂತು ಜಾಲರಿಯ ಮೂಲಕ ನೋಡಿದೆ.

ಮುಂದಿನ ದಿನಗಳು ಹೇಗೆ ಕಳೆದವೆಂದು ಏನು ಹೇಳಲಿ. ಅರೆಬರೆ ಬೂದಿ ಬಳಿದುಕೊಂಡ ಗಾಲಿಯನ್ನೇ ತಿರುಗಿ ಹಾಕಿಕೊಂಡು ದಿನವೂ ಚಿಂತಾಮಣಿಯ ಶಾಲೆಗೆ ಹೋಗಿ ಬಂದೆ. ಮಾರುಕಟ್ಟೆಯಲ್ಲಿ ನನಗೆ ಟೊಮೆಟೊ ತೂಗುವವಳು ಕಾರಿನತ್ತ ನೋಡಿ, "ಒಕ್ಕ ಚಕ್ರಮೇ ಕೊತ್ತದಾ ಅಮ್ಮಾ?" ಎಂದಳು. ಒಂದೇ ಗಾಲಿ ಹೊಸದೆಂದು ಭಾವಿಸಿದವಳಿಗೆ ಅದರ ಕಥೆ ಹೇಳುವ ಚೈತನ್ಯ ನನಗಿರಲಿಲ್ಲ. ತರಗತಿಯಲ್ಲಿ ಪಾಠ ಮಾಡುತ್ತಾ ಮಾಡುತ್ತಾ ತಲೆ ಎತ್ತಿ ನಿಂತ ಹುಳಗಳೇ ಕಣ್ಣ ಮುಂದೆ. ಸಂಜೆ ಬಂದವಳೇ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೇಯುವ ಹುಳದ ಸದ್ದನ್ನು ನೀವು ಕೇಳಿದ್ದೀರಾ? ಒಣ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಸಣ್ಣಗೆ, ಬಿಡದೆ, ಸರಸರ ಎನ್ನುತ್ತಿರುತ್ತದೆ. ಕೋಣೆಯ ಒಂದು ಕಡೆಯಿಂದ ಸದ್ದು ಬರುತ್ತಿತ್ತು, ಕಿಟಕಿ ಪಕ್ಕದಿಂದ ಎತ್ತಿಟ್ಟ ತಟ್ಟೆಗಳ ಕಡೆ ಮಾತ್ರ ಮೌನ. "ಏನಾಗ್ತವೋ ನಂಗೂ ಗೊತ್ತಿಲ್ಲಮ್ಮ," ಎಂದಳು ಮುನಿರತ್ನಮ್ಮ, ಕೇಳುವ ಮೊದಲೇ. ಅಕ್ಕ ಫೋನು ಮಾಡಿ, "ಬಣ್ಣ ಇನ್ನೂ ಒಣಗ್ಲಿಲ್ವೇನೇ?" ಎಂದಾಗ, ಇಲ್ಲ ಎಂದಷ್ಟೇ ಹೇಳಿದೆ.

ಒಂದು ಸಂಜೆ ಗೋಡೆಯ ಹತ್ತಿರ ಹೋದಾಗ ಸದ್ದು ಎರಡೂ ಕಡೆಯಿಂದ ಬಂತು. ನನ್ನ ಕಿವಿಯನ್ನು ನಾನೇ ನಂಬದೆ ಮನೆಯವರನ್ನು ಕರೆದು ಕೇಳಿಸಿದೆ, ಅವರೂ ಹೌದೆಂದರು. ಒಂದಷ್ಟು ಹುಳ ಹೋಗಿದ್ದವು, ಆದರೆ ಉಳಿದವು ತಲೆ ಇಳಿಸಿ ಮತ್ತೆ ಮೇಯಲು ಶುರು ಮಾಡಿದ್ದವು. ಆ ನಿಮಿಷದಲ್ಲಿ ನನಗಾದ ಸಂತೋಷ, ಕಾರು ಕೊಂಡ ದಿನವೂ ಆಗಿರಲಿಲ್ಲವೆಂದರೆ ಸುಳ್ಳಲ್ಲ.

ಹುಳ ಹಣ್ಣಾದಾಗ ಕೈ ಎಷ್ಟಿದ್ದರೂ ಸಾಲದು. ನೆರೆಹೊರೆಯವರೆಲ್ಲ ಬಂದು, ಜೇನಿನ ಬಣ್ಣಕ್ಕೆ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಅಗಲವಾದ ತಟ್ಟೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಹೆಣೆದ ಚಂದ್ರಿಕೆಯೇ ಹುಳಕ್ಕೆ ಗೂಡು ಕಟ್ಟುವ ಆಸರೆ. ಈ ಸಲ ಮುನಿರತ್ನಮ್ಮ ನನ್ನ ಕೈ ಮೂಸಿ ಒಳಗೆ ಬಿಟ್ಟಳು. ಹುಳ ತಣ್ಣಗೆ, ಮೆತ್ತಗೆ, ಬೆರಳ ಮೇಲೆ ತಲೆಯಾಡಿಸುತ್ತಾ ದಾರಿ ಹುಡುಕುತ್ತಿತ್ತು. ಅಲ್ಲಿ ಕುಳಿತು ಆರಿಸುತ್ತಿದ್ದಾಗ ಯೋಚನೆ ಬಂತು: ನಾನು ಅಂಗಡಿಯಿಂದ ಬಣ್ಣ ತಂದು ಗಾಲಿಯ ಮೇಲೆ ಹೊದಿಸಲು ಹೊರಟೆ, ಈ ಹುಳ ತಿಂದ ಸೊಪ್ಪನ್ನೆಲ್ಲ ಎಳೆ ಮಾಡಿ ತನ್ನ ಹೊದಿಕೆಯನ್ನು ತಾನೇ ನೇಯುತ್ತದೆ. ಅದರ ಹೊದಿಕೆಯನ್ನು ಸುಲಿದು ನಾವು ಉಡುತ್ತೇವೆ; ಉಟ್ಟು ಅಕ್ಕನ ಮನೆಗೆ ಹೋಗುತ್ತೇವೆ, ಅವಳು ಗಾಲಿ ನೋಡುತ್ತಾಳೆ. ನನಗೆ ಒಬ್ಬಳಿಗೇ ನಗು ಬಂತು.

ಗೂಡು ಬಿಡಿಸಿದ ದಿನ, ಮಾರುಕಟ್ಟೆಗೆ ನನ್ನ ಕಾರಿನಲ್ಲೇ ಎಂದು ನಾನು ಪಟ್ಟು ಹಿಡಿದೆ. ಮುನಿರತ್ನಮ್ಮ ಕಾರಿನೊಳಕ್ಕೆ ತಲೆ ಹಾಕಿ ಮೂಲೆ ಮೂಲೆ ಮೂಸಿ ನೋಡಿ ಒಪ್ಪಿದಳು. ಹಿಂದಿನ ಸೀಟು ಮಡಚಿ, ಹಳದಿ ಗೂಡು ತುಂಬಿದ ಚೀಲಗಳನ್ನು ನಲುಗದ ಹಾಗೆ ಜೋಡಿಸಿದೆವು. ಆಮೇಲೆ ಅವಳು ಬಟ್ಟಲಲ್ಲಿ ಅರಿಶಿನ ಕಲಸಿ ತಂದು, ಬಗ್ಗಲಾರದ ಮೊಣಕಾಲನ್ನು ಹೇಗೋ ಬಗ್ಗಿಸಿ, ನಾಲ್ಕೂ ಗಾಲಿಗೆ ಕೈಯಾರೆ ಬಳಿದು, ಕುಂಕುಮವಿಟ್ಟಳು. ಅಷ್ಟು ಹೊತ್ತೂ ದೂರ ನಿಂತಿದ್ದ ಅವಳ ಗಂಡ ನಿಂಬೆಹಣ್ಣು ತಂದು ಗಾಲಿಗಳ ಕೆಳಗಿಟ್ಟ. ಮೂರು ಗಾಲಿಯ ತುಕ್ಕಿನ ಮೇಲೂ ಒಂದರ ಬೂದಿಯ ಮೇಲೂ ಅರಿಶಿನ ಒಂದೇ ಸಮ ಕುಳಿತಿತ್ತು. ಗೂಡಿಗೆ ಒಳ್ಳೆಯ ಬೆಲೆಯೇ ಬಂತು, ವಾಪಸು ಬರುವಾಗ ಆಕೆ ದಾರಿಯುದ್ದಕ್ಕೂ ಮಾತಾಡಿದಳು.

ಅದೇ ವಾರದ ಕೊನೆಗೆ ಗೌರಿಬಿದನೂರಿಗೆ ಹೋದೆವು. ಬೆಳ್ಳಿ ಕಾಲು ನೋಡಲು ಬಾಗಿಲಿಗೆ ಬಂದ ಅಕ್ಕ ಮೆಟ್ಟಿಲಿಳಿದು ಗಾಲಿಗಳ ಹತ್ತಿರ ಬಂದಳು. ನಾನು ಅಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬಗ್ಗಿ, ಬೂದಿ ಗಾಲಿಯ ಮೇಲೆ ಒಣಗಿದ್ದ ಐದು ಬೆರಳಿನ ಗುರುತನ್ನು ಮುಟ್ಟಿ ನೋಡಿ, "ಬಾ ಒಳಗೆ. ಕಾಲಿಗೆ ಅರಿಶಿನ ಹಚ್ಕೊಂಡು ಬಂದೋರನ್ನ ಹೊರಗೆ ನಿಲ್ಲಿಸ್ಬಾರ್ದು," ಎಂದಳು. ಅಂದು ಮೊದಲ ಬಾರಿಗೆ ನನಗೆ ಎದುರು ಮಾತು ಬೇಕೆನಿಸಲಿಲ್ಲ.

ಬೆಳೆ ತೆಗೆದ ಮೇಲೆ ಹುಳುಮನೆ ಕೆಲವು ದಿನ ಖಾಲಿ ಇರುತ್ತದೆ. ತೊಳೆದು, ಸುಣ್ಣ ಬಳಿದು, ಒಣಗಲು ಬಿಡುತ್ತಾರೆ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಮುನಿರತ್ನಮ್ಮನ ತಲೆ ಕಾಣಿಸಿತು. "ಒಳಗೆ ಹುಳ ಇಲ್ಲ ಟೀಚರಮ್ಮ, ಈಗ ಹೊಡ್ಕೋ ನಿನ್ನ ಬಣ್ಣ," ಎಂದಳು. ಶಾಲೆಯಿಂದ ಬಂದ ಸಂಜೆಗಳಲ್ಲಿ ತುಕ್ಕಿನ ಗಾಲಿಗಳನ್ನು ಒಂದೊಂದಾಗಿ ಬಿಚ್ಚಿ, ಉಜ್ಜಿ, ಬೆಳ್ಳಿ ಬಳಿದೆ; ಅರಿಶಿನದ ಗುರುತಿದ್ದ ಬೂದಿ ಗಾಲಿಯನ್ನು ಯಾಕೋ ಕೊನೆಗೆ ಉಳಿಸಿಕೊಂಡೆ. ಮೂರು ಮುಗಿದು, ನಾಲ್ಕನೆಯದನ್ನು ಅಂಗಳದಲ್ಲಿ ಮಲಗಿಸಿ, ಡಬ್ಬಿ ಎತ್ತಿ ಎರಡು ಸಲ ಟಕಟಕಿಸಿದ್ದೆನಷ್ಟೇ, ಬೀದಿಯಲ್ಲಿ ವ್ಯಾನೊಂದು ನಿಂತ ಸದ್ದಾಯಿತು. ಇಣುಕಿದರೆ ಮುನಿರತ್ನಮ್ಮನ ಗಂಡ ಮರಿಹುಳದ ಟ್ರೇಗಳನ್ನು ಒಂದರ ಮೇಲೊಂದು ಹೊತ್ತು ಹುಳುಮನೆಗೆ ಸಾಗಿಸುತ್ತಿದ್ದ. ಸಿಮೆಂಟಿನ ಮಾತು ಎತ್ತಿದವನು ಅವನೇ, ಈಗ ಹುಷಾರು ಹುಷಾರು ಎಂದು ವ್ಯಾನಿನವನಿಗೆ ಹೇಳುತ್ತಿದ್ದವನೂ ಅವನೇ. ನನ್ನನ್ನು ಕಂಡು, "ಒಂದಿನ ಮುಂಚೇನೇ ಬಂದ್ಬಿಟ್ವು ಟೀಚರಮ್ಮ," ಎಂದು ಸಂಕೋಚದಿಂದ ನಕ್ಕ.

ಈಗ ನನ್ನ ಕಾರಿಗೆ ಮೂರು ಬೆಳ್ಳಿ ಕಾಲು, ಒಂದು ಬೂದಿ ಕಾಲು. ನಾಲ್ಕನೆಯದು ಈ ಹುಳ ಹಣ್ಣಾಗುವವರೆಗೆ ಕಾಯಬೇಕು, ಆಗಲೂ ಅದಕ್ಕೆ ಬಣ್ಣ ಬಳಿಯುತ್ತೇನೋ ಇಲ್ಲವೋ ತಿಳಿಯದು. ಅಂದು ಮಾತ್ರ ಡಬ್ಬಿಯನ್ನು ಎರಡೂ ಕೈಯಲ್ಲಿ, ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದು, ಗೋಲಿ ಸದ್ದು ಮಾಡದಂತೆ ಮೆಲ್ಲಗೆ ಒಳಗೆ ನಡೆದು ಅಟ್ಟದ ಮೇಲಿಟ್ಟೆ.