ಗುಳಿಗೆಯ ನಂತರದ ದ್ರಾಕ್ಷಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಹಾಪುರದ ಬಸ್ ನಿಲ್ದಾಣದ ಮುಂದೆ ಮೌನೇಶ್ವರಿ ತಳ್ಳುಗಾಡಿ ನಿಲ್ಲಿಸಿ, ವಿಜಯಪುರದ ಕಡೆಯಿಂದ ಬಂದ ಕಪ್ಪು ದ್ರಾಕ್ಷಿಯ ಬಾಕ್ಸ್ ಬಿಚ್ಚುತ್ತಿದ್ದಾರೆ. ಗೊಂಚಲನ್ನು ತೊಟ್ಟು ಹಿಡಿದೇ ಎತ್ತುತ್ತಾರೆ. ಹಣ್ಣಿಗೆ ಬೆರಳು ತಾಗಿ ಮೇಲಿನ ಬಿಳಿ ಪುಡಿ ಅಳಿಸಿದರೆ ಮಾಲು ಹಳತಾದಂತೆ ಕಾಣುತ್ತದೆ. ಎಲ್ಲಕ್ಕಿಂತ ಚೆಂದದ ಒಂದು ಗೊಂಚಲನ್ನು ಮಾತ್ರ ಗಾಡಿಯ ಮೇಲೆ ಹರಡದೆ ಒದ್ದೆ ಬಟ್ಟೆಯಡಿ ಮುಚ್ಚಿಡುತ್ತಾರೆ.

ಆ ಗೊಂಚಲು ನನಗಲ್ಲ. ಎಷ್ಟೋ ವರ್ಷಗಳಿಂದ ಇಲ್ಲೇ ಹಣ್ಣು ಕೊಳ್ಳುವ ನನಗೆ ಅದು ಒಮ್ಮೆಯೂ ಸಿಕ್ಕಿಲ್ಲ. ಅದು ನಿವೃತ್ತ ಗುಮಾಸ್ತ ಸಂಗಮನಾಥರಿಗೆ ಮೀಸಲು. ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನು.

ಮೌನೇಶ್ವರಿ ಸುರಪುರ ತಾಲ್ಲೂಕಿನ ಹೊಳೆದಂಡೆಯ ಊರಿನವರು. ಗಂಡ ದ್ಯಾವಪ್ಪ ಮೀನು ಹಿಡಿಯುತ್ತಾರೆ. ಮೀನಿನ ಬುಟ್ಟಿ ಹೊತ್ತು ಕುತ್ತಿಗೆ ನೋವು ಹಿಡಿದ ಮೇಲೆ ಇವರು ಹಣ್ಣಿನ ಗಾಡಿಗೆ ಬಂದರು. ಸುಗ್ಗಿಯಲ್ಲಿ ದಿನಕ್ಕೆ ಏಳೆಂಟು ಬಾಕ್ಸ್ ಖಾಲಿಯಾಗುತ್ತವೆ. ಉಳಿದ ತಿಂಗಳು ಒಣದ್ರಾಕ್ಷಿಯೇ ಗತಿ.

ಸಂಗಮನಾಥರು ಬೆಟ್ಟದ ಕಡೆ ವಾಕಿಂಗ್ ಹೋಗುವವರ ಮುಂದಾಳು. ಅವರಿಗೆ ಬಿಪಿ ಇದೆ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ದ್ರಾಕ್ಷಿಯ ಸಿಪ್ಪೆ, ಬೀಜ ರಕ್ತನಾಳಗಳಿಗೆ ಒಳ್ಳೆಯದೆಂದು ಎಲ್ಲೋ ಕೇಳಿ ದಿನಾ ಕೊಳ್ಳುತ್ತಿದ್ದರು. ಅವರ ಹಿಂದೆ ಉಳಿದವರೂ ಸಾಲುಗಟ್ಟುತ್ತಿದ್ದರು. ಹೋದ ವರ್ಷ ಅವರ ಮೊಬೈಲಿಗೊಂದು ಮೆಸೇಜ್ ಬಂತು: ದಿನಕ್ಕೊಂದು ಗ್ಲಾಸ್ ಕೆಂಪು ವೈನ್ ಕುಡಿದರೆ ರಕ್ತನಾಳಗಳು ಮೆತ್ತಗಿರುತ್ತವೆ. ಸಂಗಮನಾಥರು ಬಾಟಲಿ ಹಿಡಿದರು. ವಾಕಿಂಗ್‌ನವರೂ ಗಾಡಿಯ ಕಡೆ ತಿರುಗುವುದನ್ನು ಬಿಟ್ಟರು.

“ಹಣ್ಣು ನಮ್ದು, ಹೆಸರು ಬಾಟ್ಲಿದು. ಸವತಿ ಬಂದಿದ್ರೂ ಹೊಟ್ಟಿ ಅಷ್ಟು ಉರೀತಿದ್ದಿಲ್ರಿ” ಎನ್ನುತ್ತಾರೆ ಮೌನೇಶ್ವರಿ.

ಆ ಉರಿಯಲ್ಲೇ ಒಂದು ಬೆಳಿಗ್ಗೆ ಸಂಗಮನಾಥರನ್ನು ಅಡ್ಡಗಟ್ಟಿ, ಒಳ್ಳೆಯ ಗೊಂಚಲೊಂದನ್ನು ಕೈಗಿಟ್ಟು, ಇದನ್ನು ತಿಂದರೆ ಬಾಟಲಿಯೂ ಬೇಡ, ಗುಳಿಗೆಯೂ ಬೇಡ ಎಂದುಬಿಟ್ಟರು. ಅವರು ಎರಡನ್ನೂ ಬಿಟ್ಟರು. ಕೆಲವೇ ದಿನಗಳಲ್ಲಿ ಇದೇ ಗಾಡಿಯ ಮುಂದೆ ತಲೆ ತಿರುಗಿ ಬಿದ್ದರು. ಆಟೋದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಒಯ್ದವರು ಮೌನೇಶ್ವರಿಯೇ.

ಡಾಕ್ಟರು ಚೆನ್ನಾಗಿ ಬೈದರಂತೆ. ದ್ರಾಕ್ಷಿಯಲ್ಲಿ ರಕ್ತನಾಳಕ್ಕೆ ಒಳ್ಳೆಯದಾಗುವ ಅಂಶ ಇರಬಹುದು, ಅದರ ಪರೀಕ್ಷೆ ಇನ್ನೂ ನಡೆಯುತ್ತಿದೆ, ಆದರೆ ಅದು ಗುಳಿಗೆಯ ಕೆಲಸ ಮಾಡುವುದಿಲ್ಲ. ವೈನಿನ ಮದ್ಯವಂತೂ ಬಿಪಿಯನ್ನೇ ಏರಿಸುತ್ತದೆ. ಗುಳಿಗೆ ತಪ್ಪಿಸಬೇಡಿ, ಬಾಟಲಿ ಮುಟ್ಟಬೇಡಿ, ಹಿಡಿಯಷ್ಟು ಹಣ್ಣು ಬೇಕಾದರೆ ತಿನ್ನಿ ಎಂದು ಹೇಳಿ ಕಳಿಸಿದರು.

“ಸಾಹೇಬ್ರು ಒಳಗ ಬೈಸ್ಕೊಳ್ಳಾಕತ್ತಿದ್ರು, ನಾ ಹೊರಗ ನಿಂತು ಎಲ್ಲಾ ಕೇಳಾಕತ್ತಿದ್ದೆ. ಬಾಟ್ಲಿ ಮ್ಯಾಲಿನ ನನ್ನ ಹೊಟ್ಟಿಕಿಚ್ಚಿಗೆ ಅವರ ಜೀವ ಹೋಗ್ತಿತ್ತಲ್ರಿ.”

ಅಂದಿನಿಂದ ಈ ಗಾಡಿಗೊಂದು ಕಾನೂನಿದೆ. ವಾಕಿಂಗ್‌ನವರು ಗುಳಿಗೆ ನುಂಗಿದ್ದೇನೆ ಎಂದು ಹೇಳುವತನಕ ತಕ್ಕಡಿ ಏಳುವುದಿಲ್ಲ. ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗಿ ಪಕ್ಕದ ಗಾಡಿಗೆ ಹೋಗುತ್ತಾರೆ. ಹೋದವರನ್ನು ಮೌನೇಶ್ವರಿ ಕರೆಯುವುದಿಲ್ಲ.

ಈಗ ಸಂಗಮನಾಥರು ಬರುತ್ತಾರೆ. ಅವರ ಬಾಯಿಮಾತು ಮಾತ್ರ ಇಲ್ಲಿ ನಡೆಯುವುದಿಲ್ಲ. ಅಂಗಿಯ ಜೇಬಿನಿಂದ ಗುಳಿಗೆ ತೆಗೆದು ಮೌನೇಶ್ವರಿಯ ಎದುರೇ ನುಂಗಿ ಮುಖ ಕಿವಿಚುತ್ತಾರೆ. ಆಮೇಲೆ ಒದ್ದೆ ಬಟ್ಟೆ ಸರಿಯುತ್ತದೆ. ನನ್ನ ಪಾಲಿಗೆ ಗಾಡಿಯ ಮೇಲಿನ ಗೊಂಚಲು, ಅದೂ ಏನೂ ಕೇಳದೆ. ನನಗೆ ಯಾವ ಗುಳಿಗೆಯೂ ಇಲ್ಲ ಎಂಬುದಕ್ಕೆ ಬೇಸರಪಡುವ ಮಟ್ಟಕ್ಕೆ ನಾನು ಬಂದಿದ್ದೇನೆ.

ಬಾಟಲಿಯ ಮೇಲಿನ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದೆ. ಮೌನೇಶ್ವರಿ ತೊಟ್ಟು ಸವರುತ್ತಿದ್ದ ಕತ್ತರಿ ಕೆಳಗಿಟ್ಟು ನಕ್ಕರು.

“ಅದು ಹೋತ್ರಿ. ಈಗ ಗುಳಿಗಿ ಮ್ಯಾಲ ಐತಿ. ದಿನಾ ನನ್ನ ಹಣ್ಣಿಗಿಂತ ಮೊದಲ ಅದಽ ಅವರ ಬಾಯಾಗ ಹೋಗ್ತೈತಿ. ಹೋಗ್ಲಿ. ಅದರ ಕಹಿ ಕಳ್ಯಾಕ ನಾನಽ ಬೇಕಲ್ರಿ.”