ಟ್ರೇಲರಿಗೆ ಅತ್ತೆಯ ಅಭಿಷೇಕ

ಗೆಳೆಯರೇ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ನಮ್ಮ ಹಳೇ ಫೈಬರ್‌ಗ್ಲಾಸ್ ಕ್ಯಾಂಪಿಂಗ್ ಟ್ರೇಲರ್‌ನ ರಿಪೇರಿ ಅಂತೂ ಮುಗಿದು, ಇವತ್ತು ರಾಚೆಸ್ಟರ್ ಹಿಲ್ಸ್‌ನ ನಮ್ಮ ಡ್ರೈವ್‌ವೇಯಲ್ಲಿ ಅದಕ್ಕೆ ಪೂಜೆ. ಈ ವೀಕೆಂಡು ಎಲ್ಲರೂ ಕ್ಯಾಂಪಿಂಗಿಗೆ ಹೊರಡುವುದಿದೆ. ನಾನು ಒಳಗಿಂದ ನಿಂಬೆಹಣ್ಣು ತರುವಷ್ಟರಲ್ಲಿ, ಊರಿಂದ ಬಂದಿರುವ ಅತ್ತೆ ಗಾರ್ಡನ್ ಪೈಪ್ ಹಿಡಿದು ಅದರ ನೆತ್ತಿಗೇ ನೀರು ಬಿಡುತ್ತಿದ್ದರು.

“ಅಯ್ಯೋ ಅತ್ತೆ, ನಿಲ್ಸಿ! ಆಗ್ಲೇ ಒರೆಸಿ ಪಾಲಿಶ್ ಮಾಡಿದೀನಿ!”

“ಸ್ನಾನ ಮಾಡಿಸ್ದೆ ಯಾರಾದ್ರೂ ಪೂಜೆ ಮಾಡ್ತಾರಾ, ಅಳಿಯಂದ್ರೇ?”

ಅಷ್ಟರಲ್ಲಿ ಟ್ರೇಲರ್ ಒಳಗಿದ್ದ ಮಗಳು ಕೂಗಿದಳು: “ಡ್ಯಾಡ್, ಇಟ್ಸ್ ರೈನಿಂಗ್ ಇನ್ ಹಿಯರ್!”

ನಾನೇ ಕೂರಿಸಿದ್ದ ಚಾವಣಿ ಕಿಟಕಿಯ ಸುತ್ತ ನೀರು ಸೋರಿ ಹಾಸಿಗೆ ಒದ್ದೆಯಾಗಿತ್ತು. ಕಾಡಿನ ನಡುವೆ ಮಳೆ ಬಂದಿದ್ದರೆ ನಮ್ಮ ಗತಿ ಏನಾಗುತ್ತಿತ್ತೆಂದು ನೆನೆದು, ಅತ್ತೆಗೆ ಮನಸಾರೆ ಕೈಮುಗಿದೆ.

ಕಿಟಕಿಯ ಸಂದಿಗೆ ನೀರು ಸೋರದಂತೆ ಸೀಲಂಟ್ ಹಚ್ಚುತ್ತಿದ್ದೇನೆ ಮತ್ತೆ. ಇನ್ನೊಮ್ಮೆ ಪೈಪ್ ಹಿಡಿದು ಪರೀಕ್ಷಿಸಿ ಪಾಸು ಮಾಡಬೇಕಾದವರು ಅತ್ತೆ.