ಒಣಮೀನಿನ ಡಬ್ಬಿಯಲ್ಲಿದ್ದ ಅಂಕಪಟ್ಟಿ

ಅದು 2004ರ ಮಳೆಗಾಲ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಅಂಕೋಲೆಯ ಗುತ್ತಿಗೆದಾರರೊಬ್ಬರ ಹತ್ತಿರ ಸೈಟ್ ನೋಡಿಕೊಳ್ಳುತ್ತಿದ್ದ ನನಗೆ ಎಂ.ಟೆಕ್. ಮಾಡುವ ಹುಚ್ಚು ಹಿಡಿದಿತ್ತು. ಘಟ್ಟದ ಮೇಲಿನ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದೆ. ಮೊದಲ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಆಸೆ ಬಿಟ್ಟು ಕುಳಿತಿದ್ದಾಗ ಕರೆ ಬಂತು. ಒಂದು ಸೀಟು ಉಳಿದಿದೆಯಂತೆ, ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಸಂದರ್ಶನಕ್ಕೆ ಬರಬೇಕಂತೆ. “ಈ ವರ್ಷ ಸಿಕ್ಕಿದ್ರೆ ಹೋಗು. ಇಲ್ದಿದ್ರೆ ಮತ್ತೆ ಆ ಮಾತು ತೆಗೂಕಿಲ್ಲ” ಎಂದು ಅಪ್ಪ, ನಮ್ಮ ಬಾಬಾ, ಮೊದಲೇ ಹೇಳಿಬಿಟ್ಟಿದ್ದರು. ಅವರು ಒಮ್ಮೆ ಹೇಳಿದರೆ ಮುಗಿಯಿತು.

ನಮ್ಮ ಮನೆ ಕಾರವಾರದ ಚಿತ್ತಾಕುಲದಲ್ಲಿ. ಬಾಬಾ ದೋಣಿಗೆ ಹೋಗುವವರು, ಅಮ್ಮ, ಅಂದರೆ ನಮ್ಮ ಆಯಿ, ಮೀನು ಮಾರುವವಳು. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಇಡೀ ಮನೆಯಲ್ಲಿ ನಂಬಬಹುದಾದ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಬಂಗಡೆ ಮೀನನ್ನು ದೊಡ್ಡ ತಗಡಿನ ಡಬ್ಬಿಗೆ ತುಂಬಿ ಆಯಿ ಅಲ್ಲಿಡುತ್ತಿದ್ದಳು. ದೋಣಿ ದಡದಲ್ಲಿರುವ ಆ ದಿನಗಳಲ್ಲಿ ಅದೇ ನಮ್ಮ ಊಟ.

ಹೊರಡುವ ಹಿಂದಿನ ದಿನ ಕಪಾಟು ತೆರೆದರೆ ಅಂಕಪಟ್ಟಿಗಳ ಫೈಲೇ ಇಲ್ಲ! ಇಡೀ ಮನೆ ತಡಕಾಡಿದೆ. ಆಯಿ ಮಾತ್ರ ನಗುತ್ತ ಏಣಿ ಹತ್ತಿ ಅದನ್ನು ಡಬ್ಬಿಯೊಳಗಿಂದ ತೆಗೆದುಕೊಟ್ಟಳು. “ಕಪಾಟಲ್ಲಿ ಬೂಷ್ಟು ಹಿಡೀತಿತ್ತು. ಮಳೆ ಹಿಡಿದಾಗ್ಲೇ ಮೇಲೆ ಇಟ್ಟಿದ್ದೆ. ನೋಡು, ಒಂದು ಕಲೆ ಇಲ್ಲ” ಎಂದಳು. ನಿಜಕ್ಕೂ ಕಲೆ ಇರಲಿಲ್ಲ. ಕಾಗದ ಗರಿಗರಿಯಾಗಿತ್ತು. ಆಯಿಯ ಬುದ್ಧಿವಂತಿಕೆಯನ್ನು ಹೊಗಳಿ ಫೈಲನ್ನು ಚೀಲಕ್ಕೆ ಹಾಕಿಕೊಂಡೆ. ಹುಟ್ಟಿದಾಗಿನಿಂದ ಒಣಮೀನಿನ ಮನೆಯಲ್ಲೇ ಬೆಳೆದ ನನ್ನ ಮೂಗಿಗೆ ಬೇರೇನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಅಂಕೋಲೆಯ ಬಸ್ಸಿನಲ್ಲಿ. ಮಳೆಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ಕಂಡಕ್ಟರ್ ನನ್ನೆದುರು ಬಂದು ನಿಂತ.

“ತಂಗಿ, ಚೀಲ್ದಲ್ಲಿ ಎಂತ ಅದೆ?”

“ಸರ್ಟಿಫಿಕೇಟು.”

“ಸರ್ಟಿಫಿಕೇಟಂತೆ!” ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ನಕ್ಕ. “ಒಣಮೀನಿಗೆ ಯಾವಾಗಿಂದ ಸರ್ಟಿಫಿಕೇಟ್ ಕೊಡೂಕೆ ಶುರು ಮಾಡಿದ್ರು?”

ನಾಚಿಕೆಯಿಂದ ಹಿಡಿಯಷ್ಟಾದೆ. ಆಯಿಯ ಮೇಲೆ ಸಿಟ್ಟು ಬಂತು. ಮೂಲ ಅಂಕಪಟ್ಟಿ, ಬದಲಾಯಿಸುವಂತಿಲ್ಲ, ತೊಳೆಯುವಂತೆಯೂ ಇಲ್ಲ.

ಆ ರಾತ್ರಿ ಉಳಿದದ್ದು ಅಂಕೋಲೆ ಹತ್ತಿರದ ಹಟ್ಟಿಕೇರಿಯಲ್ಲಿರುವ ಮಾವಶಿಯ, ಅಂದರೆ ಆಯಿಯ ತಂಗಿಯ ಮನೆಯಲ್ಲಿ. ಮದುವೆಯಾಗಿ ಕಡಲು ಬಿಟ್ಟು ಬಂದು ವರ್ಷಗಳಾಗಿದ್ದ ಅವಳ ಮೂಗು ಚುರುಕಾಗಿತ್ತು. “ಅಯ್ಯಯ್ಯೋ, ಅಕ್ಕನಿಗೆ ಎಂತಾಗದೆ?” ಎಂದು ತಲೆ ಚಚ್ಚಿಕೊಂಡಳು. ಬಿಸಿಲಿಗೆ ಹಾಕೋಣವೆಂದರೆ ಬಿಸಿಲಿಲ್ಲ. ಫ್ಯಾನಿನ ಕೆಳಗೆ ಹರಡೋಣವೆಂದರೆ ಕರೆಂಟಿಲ್ಲ. ಕೊನೆಗೆ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತಂದು ಒಂದೊಂದೇ ಅಂಕಪಟ್ಟಿಗೆ ಉದುರಿಸಿ, ಮಗುವಿಗೆ ಸ್ನಾನ ಮಾಡಿಸಿದ ಮೇಲೆ ಸವರುವಂತೆ ಸವರಿದಳು. ಈಗ ಬಂಗಡೆ ಮದುವೆಗೆ ಹೊರಟಂಥ ವಾಸನೆ ಬರತೊಡಗಿತು.

ಮರುದಿನ ಬೆಳಗಿನ ಬಸ್ಸಿಗೆ ಘಟ್ಟ ಹತ್ತಿದೆ. ವಿಭಾಗದ ಹೊರಗೆ ನನ್ನಂತೆ ಕಾಯುತ್ತಿದ್ದವರೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು. ನಾನು ಫೈಲು ಅಪ್ಪಿಕೊಂಡು ದೂರದ ಮೂಲೆಯಲ್ಲಿ ನಿಂತಿದ್ದೆ.

ಒಳಗೆ ಮೂವರು ಪ್ರಾಧ್ಯಾಪಕರಿದ್ದರು. ಮೊದಲ ಎರಡು ಪ್ರಶ್ನೆ ಇಂಗ್ಲಿಷಿನಲ್ಲಿ ಬಂದವು. ಉತ್ತರ ಗೊತ್ತಿತ್ತು, ಆದರೆ ನಾಲಿಗೆ ಏಳಲಿಲ್ಲ. ಸೀಟು ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ನಡುವೆ ಕುಳಿತಿದ್ದ ಹಿರಿಯರು ಫೈಲು ತೆರೆದರು. ಪೌಡರು ಹಾರಿತು. ಅವರು ಸಾಲಾಗಿ ಸೀನಿದರು. ಪಕ್ಕದವರು ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು.

“ಯಾವೂರವಾ ನಿಂದು? ಏನಿದು ವಾಸನಿ?” ಎಂದು ಹಿರಿಯರು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

ಏನಾದರೂ ಸುಳ್ಳು ಹೇಳಬಹುದಿತ್ತು. ತೋಚಲಿಲ್ಲ. “ಒಣಮೀನು ಸರ್. ಕಾರವಾರ” ಎಂದೆ. ಅಟ್ಟ, ಬೂಷ್ಟು, ಡಬ್ಬಿ, ಮಾವಶಿಯ ಪೌಡರು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಇಬ್ಬರು ನಕ್ಕರು. ಹಿರಿಯರು ನಗಲಿಲ್ಲ.

“ಅಲ್ಲವಾ, ಉಪ್ಪು ಹಾಕಿದ ಮೀನು ಮಳಿಗಾಲದಾಗ ಒದ್ದಿ ಆಗೂದಿಲ್ಲೇನು?”

“ಆಗ್ತದೆ ಸರ್. ಉಪ್ಪು ಗಾಳಿಯಲ್ಲಿರೋ ತೇವ ಎಳ್ಕೊಳ್ತದೆ. ಅದಕ್ಕೇ ಒಲೆ ಮೇಲೆ ಇಡೂದು. ಮಳೆ ಹೊಯ್ಯುವಾಗ ಡಬ್ಬಿ ಮುಟ್ಟೂಕೆ ಆಯಿ ಬಿಡೂದಿಲ್ಲ.”

“ಮತ್ತ ಅದೇ ಉಪ್ಪು ಕಾಂಕ್ರೀಟಿನ್ಯಾಗ ಹೊಕ್ಕರ?”

ಆಗ ನನ್ನ ನಾಲಿಗೆ ಬಿಚ್ಚಿತು. ನಮ್ಮೂರಲ್ಲಿ ದೋಣಿ ಕಟ್ಟುವ ದಕ್ಕೆಯ ಕಾಂಕ್ರೀಟ್ ಕಂಬಗಳ ಬಗ್ಗೆ ಹೇಳಿದೆ. ಚಿಕ್ಕಂದಿನಿಂದ ದೋಣಿ ಕಾಯುತ್ತ ಅಲ್ಲೇ ಕುಳಿತವಳು ನಾನು. ಸದಾ ನೀರಿನೊಳಗಿರುವ ಭಾಗ ಗಟ್ಟಿಯಾಗಿಯೇ ಇದೆ. ಕಡಲು ಉಕ್ಕುವ ಭರತದಲ್ಲಿ ನೆನೆದು ಇಳಿತದಲ್ಲಿ ಒಣಗುವ ಭಾಗವೇ ಸೀಳುತ್ತದೆ. ಒಳಗಿನ ಕಬ್ಬಿಣಕ್ಕೆ ಉಪ್ಪೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಕೈಯಲ್ಲಿ ಗಾಳಿಯಲ್ಲೇ ಚಿತ್ರ. ಕುರ್ಚಿ ಎಳೆದುಕೊಂಡವರು ಈಗ ಮೇಜಿನ ಮೇಲೆ ಬಾಗಿದ್ದರು.

“ತಡಿಯೂದು ಹ್ಯಾಂಗ?”

ಪುಸ್ತಕದ ನಾಲ್ಕು ಉಪಾಯ ಹೇಳಿದೆ. “ಇದನ್ನೆಲ್ಲ ಮಾಡಿದ ಕಡೆಯೂ ಕಂಬ ಒಡೀತದೆ ಅಂತಾರೆ. ಎಂತಕ್ಕೆ ಅಂತ ನಂಗೆ ಗೊತ್ತಿಲ್ಲ ಸರ್. ಅದನ್ನೇ ಓದೂಕೆ ಬಂದದ್ದು.”

ಹಿರಿಯರು ಆಗ ನಕ್ಕರು. “ಹೊರಗ ಕೂಡು” ಎಂದರು.

ಸಂಜೆ ಹೆಸರು ಕೂಗಿದರು. ನನ್ನದೇ! ಗುಮಾಸ್ತರು ಮೂಲ ಅಂಕಪಟ್ಟಿಗಳನ್ನು ಕೈಗೆ ತೆಗೆದುಕೊಂಡು ಮುಖ ಸಿಂಡರಿಸಿದರು. ಕೋರ್ಸ್ ಮುಗಿಯುವವರೆಗೆ ಅವು ಅಲ್ಲೇ ಇರಬೇಕಿತ್ತು.

ಎಸ್‌ಟಿಡಿ ಬೂತಿಗೆ ಓಡಿ ನಮ್ಮ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿದೆ. ಆಯಿ ಬಂದಳು. ಬಸ್ಸಿನಲ್ಲಿ ಆದ ಅವಮಾನಕ್ಕೆ ಅವಳನ್ನು ಚೆನ್ನಾಗಿ ಬೈಯಬೇಕೆಂದಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು, “ಆಯಿ, ಸೀಟು ಸಿಕ್ತು.”

ಆ ಕಡೆಯಿಂದ ಬಿಕ್ಕುವ ಸದ್ದು ಬಂತು. ಆಮೇಲೆ ಮೂಗು ಎಳೆದುಕೊಂಡು, “ಕಾಗದ ಎಲ್ಲ ಜೋಪಾನ ಅದೆಯಾ?” ಎಂದಳು.

“ಅವರೇ ಇಟ್ಕೊಂಡ್ರು ಆಯಿ. ಓದಿ ಮುಗಿದ ಮೇಲೆ ಕೊಡ್ತಾರೆ.”

“ಅವರಲ್ಲೇ?” ಆಯಿಯ ದನಿಯಲ್ಲಿ ಗಾಬರಿ. “ಮಗಾ, ಅವರ ಹತ್ರ ಒಣ ಜಾಗ ಅದ್ಯಾ ಅಂತ ಕೇಳ್ದೆಯಾ?”

ಬೂತಿನವನು ನೋಡುತ್ತಿದ್ದಾನೆಂಬುದನ್ನೂ ಮರೆತು ನಕ್ಕೆ, ನಗುತ್ತಲೇ ಅತ್ತೆ. ಈಗ ನಾನೇ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಆಮೇಲೆ ಎಷ್ಟೋ ಒಳ್ಳೆಯ ದಿನಗಳು ಬಂದಿವೆ. ಆದರೆ ಶಾಲೆಯ ಮೆಟ್ಟಿಲು ಹತ್ತದ ಆಯಿ ನನ್ನ ಓದನ್ನು ತನಗೆ ತಿಳಿದಷ್ಟರಲ್ಲಿ ಎಷ್ಟು ಜೋಪಾನ ಮಾಡಿದ್ದಳೆಂದು ನನಗೆ ತಿಳಿದದ್ದು ಆ ಸಂಜೆ.